ಸರ್ಕಾರಿ ಬಾಲಕರ ಪ್ರೌಢಶಾಲೆಯಿಂದ ಮಗನನ್ನು ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಬಹುದೇ?

ಪ್ರಾರ್ಥನೆ, ಪತ್ರಿಕೆ ಓದುವುದು, ಸೇವಾದಳ, ಶ್ರಮದಾನ ಎಂದು ಹಳೆಯ ಪದ್ಧತಿಗಳಲ್ಲೇ ಹೊತ್ತು ಹೋಗುತ್ತಿದೆ, ಆದ್ದರಿಂದ ಎಂಟನೆಯ ತರಗತಿಯಲ್ಲಿರುವ ಮಗನನ್ನು ಮುಂದಿನ ವರ್ಷ ಖಾಸಗಿ ಶಾಲೆಗೆ ಹಾಕಬಹುದೇ ಎಂದು ಕೇಳಿದ್ದೀರಿ. ನಿಮ್ಮ ಮಗನ ಜಾಗದಲ್ಲಿ ಒಮ್ಮೆ ನಾನಿದ್ದೆ. ಆದರೆ ನಮ್ಮ ಮನೆಯಲ್ಲಿ ಹಟ ಹಿಡಿದವರು ತಂದೆಯಲ್ಲ, ನಾನೇ.

ಬೆಳಗಾವಿ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದ ಬಾಲಕರ ಪ್ರೌಢಶಾಲೆ ನಮ್ಮದು. ಮುಂಬೈ ಪ್ರಾಂತದ ಕಾಲದ ಕಲ್ಲಿನ ಗೋಡೆ, ಮೇಲೆ ಹಂಚು. ಬೇವಿನ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡೇ ಗಂಟೆ. ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಸುಭಾಷಿತ ಹೇಳಬೇಕು, ಇನ್ನೊಬ್ಬ ಪಂಚಾಂಗ ಓದಬೇಕು, ಮತ್ತೊಬ್ಬ ಪತ್ರಿಕೆಯಿಂದ ಐದು ಸುದ್ದಿಗಳನ್ನು ಓದಬೇಕು. ಪತ್ರಿಕೆ ಮೊದಲ ಬಸ್ಸಿಗೆ ಬರುತ್ತಿತ್ತು. ಸರದಿ ಯಾರದೋ ಅವನೇ ನಿಲ್ದಾಣಕ್ಕೆ ಹೋಗಿ ತರಬೇಕು. ನನ್ನ ಮೊದಲ ಸರದಿಯ ದಿನ 'ಘಟಪ್ರಭಾ' ಎಂಬುದನ್ನು 'ಗಟಪ್ರಬಾ' ಎಂದು ಓದಿದೆ. ಕನ್ನಡ ಮಾಸ್ತರರು ಬೈಯಲಿಲ್ಲ. ಎರಡೂ ಮಹಾಪ್ರಾಣಗಳು ಸರಿಯಾಗಿ ಬರುವವರೆಗೆ ಇಡೀ ಶಾಲೆಯ ಮುಂದೆ ಅದೊಂದೇ ಪದವನ್ನು ಮತ್ತೆ ಮತ್ತೆ ಹೇಳಿಸಿದರು. ಶನಿವಾರ ಬೆಳಗಿನ ಶಾಲೆ. 'ಸಾವಧಾನ್, ವಿಶ್ರಾಮ್' ಎಂಬ ಕೂಗಿನೊಂದಿಗೆ ಸಾಮೂಹಿಕ ಕವಾಯತು, ಆಮೇಲೆ ಗಿಡಗಳಿಗೆ ನೀರು. ನಾ.ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಸೇವಾದಳದ ಸ್ವಯಂಸೇವಕರು ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ದುಡಿದ ಕಥೆಯನ್ನು ನಮ್ಮ ಸೇವಾದಳದ ಸರ್ ಪ್ರತಿ ಅಕ್ಟೋಬರ್ 2ರಂದು ತಪ್ಪದೆ ಹೇಳುತ್ತಿದ್ದರು. ನಾವು ಹಿಂದಿನ ಸಾಲಿನಲ್ಲಿ ಕುಳಿತು ಆಕಳಿಸುತ್ತಿದ್ದೆವು.

ಎಲ್ಲವೂ ಚೆನ್ನಾಗಿತ್ತು ಎಂದು ಹೇಳಲಾರೆ. ಎಂಟನೆಯ ತರಗತಿಯವರು ಹತ್ತನೆಯವರಿಗೆ ನೀರು ಹೊತ್ತು ತರಬೇಕೆಂಬ ರೂಢಿಯೂ ಇತ್ತು. ಅದನ್ನು ಸಂಪ್ರದಾಯವೆಂದು ಕರೆಯಲು ಇಂದಿಗೂ ನನಗೆ ಮನಸ್ಸಿಲ್ಲ. ಬರೀ ಹುಡುಗರ ನಡುವೆ ಬೆಳೆದ ನಾನು ಪಿ.ಯು.ಸಿ.ಯಲ್ಲಿ ಹುಡುಗಿಯೊಬ್ಬಳಿಂದ ನೋಟ್ಸ್ ಕೇಳಲು ಆರು ತಿಂಗಳು ತೆಗೆದುಕೊಂಡೆ.

ಸೋದರಮಾವನ ಮಗ ಟೈ ಕಟ್ಟಿಕೊಂಡು, ಬೂಟು ಹಾಕಿಕೊಂಡು ಶಾಲೆಯ ವ್ಯಾನ್ ಹತ್ತುವುದನ್ನು ನೋಡಿದ್ದೇ ನನಗೆ ನೆಪವಾಯಿತು. ಎರಡು ದಿನ ಊಟ ಬಿಟ್ಟೆ. ತಂದೆಯವರು ಮನಸ್ಸಿಲ್ಲದ ಮನಸ್ಸಿನಿಂದ ಎಲ್.ಸಿ. (ಶಾಲೆ ಬಿಟ್ಟ ಪ್ರಮಾಣಪತ್ರ) ತೆಗೆಸಿದರು. ಹೊಸ ಶಾಲೆಯಲ್ಲಿ ಲ.ಸಾ.ಅ. ಎಂಬುದು ಎಲ್.ಸಿ.ಎಂ. ಆಯಿತು, ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಯಿತು. ಗೊತ್ತಿದ್ದ ಪಾಠವೇ ಗೊತ್ತಿಲ್ಲದಂತಾಗಿ, ಎರಡು ವರ್ಷ ಮನಸ್ಸಿನಲ್ಲಿ ಕನ್ನಡದಲ್ಲಿ ಉತ್ತರ ಹೊಂದಿಸಿ ಕಾಗದದ ಮೇಲೆ ಇಂಗ್ಲಿಷಿಗೆ ಇಳಿಸಿದೆ. ಆ ಅಂಕಗಳ ದುಃಖ ಬೇಗನೆ ಮರೆತುಹೋಯಿತು. ಮರೆಯದ ನಷ್ಟ ಬೇರೆಯದು, ಅದನ್ನು ಬಿಡಿಸಿ ಹೇಳುತ್ತೇನೆ.

ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗೆ ಶೇಕಡಾ 5ರಷ್ಟು ಮೀಸಲಾತಿ ಇದೆ. ಅದು ಪ್ರತಿಯೊಂದು ಪ್ರವರ್ಗದ ಒಳಗೂ ದೊರೆಯುವಂಥದ್ದು. ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿ.ಇ.ಟಿ. ಮೂಲಕ ಹಂಚುವ ಸೀಟುಗಳಲ್ಲಿಯೂ ಕನ್ನಡ ಮಾಧ್ಯಮಕ್ಕೆ ಶೇಕಡಾ 5 ಇದೆ. ಷರತ್ತು ಒಂದೇ: 1ರಿಂದ 10ನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿರಬೇಕು. ಹತ್ತರಲ್ಲಿ ಎಂಟು ವರ್ಷ ಓದಿದವನಿಗೆ ಎಂಟಾಣೆ ಲಾಭವೂ ಇಲ್ಲ. ಕಲಬುರಗಿ ಕಡೆಯ ಏಳು ಜಿಲ್ಲೆಗಳವರಿಗಾದರೆ ಸಂವಿಧಾನದ 371(ಜೆ) ವಿಧಿಯ ಸ್ಥಳೀಯ ಮೀಸಲಾತಿಯ ಆಸರೆಯಿದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆಯವರಾದ ನಮಗೆ ಅದೂ ಇಲ್ಲ. ಇದು ಎಲ್.ಸಿ. ತೆಗೆಸುವ ದಿನ ನನಗೂ ಗೊತ್ತಿರಲಿಲ್ಲ, ತಂದೆಗೂ ಗೊತ್ತಿರಲಿಲ್ಲ. ಪದವಿಯ ನಂತರ ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ ಅರ್ಜಿ ಹಾಕುವಾಗ ಪ್ರಮಾಣಪತ್ರಕ್ಕೆಂದು ಹಳೆಯ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ದಾಖಲಾತಿ ರಜಿಸ್ಟರ್ ತೆರೆದು, ನನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು, "ಎಂಟನೇತ್ತಾ ತನಕ ಬರದು ಕೊಡ್ತೇನಿ ತಮ್ಮಾ, ಮುಂದಿನ ಎರಡು ವರ್ಷಕ್ಕ ನಾ ಹೆಂಗ ಸಹಿ ಮಾಡ್ಲಿ?" ಎಂದರು. ಅವರ ತಲೆಯ ಮೇಲೆ ಗೋಡೆ ಗಡಿಯಾರವೊಂದಿತ್ತು. ಹತ್ತನೆಯವರು ಬೀಳ್ಕೊಡುಗೆಯ ದಿನ ಶಾಲೆಗೆ ಏನಾದರೊಂದು ಕೊಡುವುದು ಅಲ್ಲಿಯ ಪದ್ಧತಿ. ಅದು ನನ್ನ ಜೊತೆಯವರು ಕೊಟ್ಟದ್ದು, ಕೆಳಗೆ ಹಲಗೆಯ ಮೇಲೆ ಎಲ್ಲರ ಹೆಸರೂ ಇತ್ತು. ಫಲಿತಾಂಶ ಬಂದಾಗ ನನ್ನ ಪ್ರವರ್ಗದ ಸಾಮಾನ್ಯ ಕಟ್ ಆಫ್‌ಗಿಂತ ನಾನು ಸ್ವಲ್ಪ ಕೆಳಗಿದ್ದೆ, ಅದೇ ಪ್ರವರ್ಗದ ಕನ್ನಡ ಮಾಧ್ಯಮದ ಕಟ್ ಆಫ್‌ಗಿಂತ ಮೇಲಿದ್ದೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಿಲ್ಲ. ಪದ್ಧತಿಗಳು ಹಳೆಯವೋ ಹೊಸವೋ ಎಂಬುದು ಇಲ್ಲಿಯ ಮಾತೇ ಅಲ್ಲ. ಮಾಧ್ಯಮ ಬದಲಿಸುವುದಿದ್ದರೆ ಒಂದನೆಯ ತರಗತಿಯಲ್ಲೇ ಬದಲಿಸಬೇಕಿತ್ತು, ಈಗ ಹತ್ತು ಮುಗಿಯುವವರೆಗೆ ಹುಡುಗನನ್ನು ಕದಲಿಸಬೇಡಿ. ಅದೇ ಶಾಲೆಯಲ್ಲಿ ಇಂಗ್ಲಿಷ್ ವಿಭಾಗವಿದ್ದರೆ ಅದಕ್ಕೂ ಹಾಕಬೇಡಿ, ಪ್ರಮಾಣಪತ್ರದ ಲೆಕ್ಕದಲ್ಲಿ ಅದೂ ಇದೂ ಒಂದೇ. ಪಿ.ಯು.ಸಿ. ವಿಜ್ಞಾನದ ಇಂಗ್ಲಿಷಿಗೆ ಹೆದರಿಕೆಯಾದರೆ, ರಾಜ್ಯ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಗಣಿತ, ವಿಜ್ಞಾನದ ಇಂಗ್ಲಿಷ್ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಸಂಜೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸಿ.

ಇನ್ನು ಬೆಳಗಿನ ಅರ್ಧ ಗಂಟೆ ವ್ಯರ್ಥವೆಂದಿರಿ. ನಾನೀಗ ಬೆಳಗಾವಿಯ ಒಂದು ಪತ್ತಿನ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ವಾರ್ಷಿಕ ಸಭೆಯಲ್ಲಿ ಜಮಾ-ಖರ್ಚಿನ ವರದಿ ಓದುವ ಕೆಲಸ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತದೆ, ಏಕೆಂದರೆ ಮೈಕಿನ ಮುಂದೆ ಕೈ ನಡುಗದವನು ನಾನೊಬ್ಬನೇ. ನಿಮ್ಮ ಮಗನ ಪತ್ರಿಕೆಯ ಸರದಿ ಯಾವ ವಾರ ಎಂದು ಕೇಳಿ ನೋಡಿ. ಹಿಂದಿನ ರಾತ್ರಿ ಮಹಾಪ್ರಾಣಗಳನ್ನು ಒಮ್ಮೆ ಹೇಳಿಸಿ ಕಳುಹಿಸಿ.