ಮರಣದಂಡನೆಯ ಕಥೆಗಳಲ್ಲಿ ಪವಾಡ ಬೇಕೆ?

ಪ್ರಶ್ನೆ: 1999ರ 'ದಿ ಗ್ರೀನ್ ಮೈಲ್' ಚಿತ್ರ ನೋಡಿ ಬಹಳ ಅತ್ತೆ. ಮುಟ್ಟಿಯೇ ಕಾಯಿಲೆ ವಾಸಿ ಮಾಡುವ ನಿರಪರಾಧಿ ಕೈದಿಯನ್ನು, ಅವನ ಬಗ್ಗೆ ಮರುಗುವ ಕಾವಲುಗಾರರೇ ವಿದ್ಯುತ್ ಕುರ್ಚಿಯಲ್ಲಿ ಕೂರಿಸುತ್ತಾರೆ. ಇಂಥ ಚಿತ್ರಣ ಎಷ್ಟರಮಟ್ಟಿಗೆ ನಿಜ? ಈ ಕಥೆಗೆ ಪವಾಡ ಬೇಕಿತ್ತೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಚಿತ್ರದ ಕಥೆ ನಡೆಯುವುದು 1935ರ ಲೂಸಿಯಾನದಲ್ಲಿ, ಆ ರಾಜ್ಯ ನೇಣನ್ನು ಬಿಟ್ಟು ವಿದ್ಯುತ್ ಕುರ್ಚಿಗೆ ಬಂದದ್ದು 1941ರಲ್ಲಿ. ಕಾಲದ ಈ ವ್ಯತ್ಯಾಸವನ್ನು ಮನ್ನಿಸಬಹುದು, ಏಕೆಂದರೆ ಶಿಕ್ಷೆ ಜಾರಿಯಾಗುವ ಬಗೆಯನ್ನು ಚಿತ್ರ ಸತ್ಯಕ್ಕೆ ಹತ್ತಿರವಾಗಿಯೇ ತೋರಿಸಿದೆ. ಕೈದಿಯ ತಲೆ ಬೋಳಿಸಿ, ಉಪ್ಪುನೀರಿನಲ್ಲಿ ನೆನೆಸಿದ ಸ್ಪಂಜನ್ನು ನೆತ್ತಿಯ ಮೇಲಿಟ್ಟು, ಅದರ ಮೇಲೆ ಲೋಹದ ಟೊಪ್ಪಿಗೆಯನ್ನು ಬಿಗಿಯುತ್ತಾರೆ. ಸ್ಪಂಜು ಸರಿಯಿಲ್ಲದಿದ್ದರೆ ಮನುಷ್ಯ ಸುಡುತ್ತಾನೆ. ಕ್ರೂರಿ ಕಾವಲುಗಾರನೊಬ್ಬ ಬೇಕೆಂದೇ ಸ್ಪಂಜನ್ನು ನೆನೆಸದೆ ಬಿಡುವ ದೃಶ್ಯ ನಿಮಗೆ ಅತಿರೇಕವೆನಿಸಿರಬಹುದು. ಆದರೆ 1990ರಲ್ಲಿ ಫ್ಲಾರಿಡಾದಲ್ಲಿ ಜೆಸ್ಸಿ ಟಫೆರೊ ಎಂಬಾತನಿಗೆ ಸಹಜ ಸ್ಪಂಜಿನ ಬದಲು ಕೃತಕ ಸ್ಪಂಜು ಬಳಸಿದಾಗ ತಲೆಯಿಂದ ಜ್ವಾಲೆ ಎದ್ದಿತು, ಮೂರು ಬಾರಿ ವಿದ್ಯುತ್ ಹಾಯಿಸಬೇಕಾಯಿತು. ಅದಕ್ಕೆ ಯಾರ ಹಗೆತನವೂ ಬೇಕಾಗಲಿಲ್ಲ.

ಪವಾಡದ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಕೈದಿ ನಿರಪರಾಧಿಯೂ ದೈವಾಂಶವುಳ್ಳವನೂ ಆಗಿದ್ದರೆ ಅವನಿಗಾಗಿ ಮರುಗುವುದು ಸುಲಭ. ಬದುಕು ಸಾಕಾಗಿದೆಯೆಂದು ಅವನೇ ಸಾವನ್ನು ಒಪ್ಪಿಕೊಂಡುಬಿಟ್ಟರೆ ಕೊಲ್ಲುವವರ ಹೊರೆಯೂ ನೋಡುವವರ ಹೊರೆಯೂ ಒಟ್ಟಿಗೇ ಇಳಿಯುತ್ತದೆ.

ಅದೇ ಲೂಸಿಯಾನದಲ್ಲಿ ನಿಜವಾಗಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕೊಲೆ ಆರೋಪ ಹೊತ್ತ ವಿಲ್ಲಿ ಫ್ರಾನ್ಸಿಸ್ ಎಂಬ ಕಪ್ಪು ಹುಡುಗನಿಗೆ ಬಿಳಿಯರೇ ತುಂಬಿದ್ದ ಜ್ಯೂರಿ ಮರಣದಂಡನೆ ವಿಧಿಸಿತ್ತು. ವಿಚಾರಣೆಯಲ್ಲಿ ಅವನ ಪರ ವಕೀಲರು ಒಬ್ಬ ಸಾಕ್ಷಿಯನ್ನೂ ಕರೆಸಲಿಲ್ಲ. 1946ರ ಮೇ 3ರಂದು ಸೇಂಟ್ ಮಾರ್ಟಿನ್‌ವಿಲ್ ಊರಿಗೆ ಲಾರಿಯಲ್ಲಿ ತಂದ ಕುರ್ಚಿಯಲ್ಲಿ 17 ವರ್ಷದ ಅವನನ್ನು ಕೂರಿಸಿ ವಿದ್ಯುತ್ ಹಾಯಿಸಿದರು. ಅವನು ಒದ್ದಾಡಿದ, ಉಸಿರು ಕಟ್ಟುತ್ತಿದೆಯೆಂದು ಕೂಗಿದ, ಆದರೆ ಸಾಯಲಿಲ್ಲ. ದೇವರೇ ಕಾಪಾಡಿದನೆಂದು ನಂಬಿದವರು ಬಹಳ ಮಂದಿ. ಆದರೂ ಮತ್ತೆ ಕೂರಿಸುವುದು ಕ್ರೂರ ಶಿಕ್ಷೆಯಾಗದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1947ರ ಜನವರಿಯಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪಿತ್ತಿತು. ಆ ಐವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ವೈಯಕ್ತಿಕವಾಗಿ ಮರಣದಂಡನೆಯ ವಿರೋಧಿ. ತಮ್ಮ ಮನಸ್ಸಿನ ಭಾವನೆಯನ್ನು ಕಾನೂನಿನ ಮೇಲೆ ಹೇರಬಾರದೆಂದು ಅವರು ಬಹುಮತದ ಜೊತೆ ನಿಂತರು, ಆಮೇಲೆ ಲೂಸಿಯಾನದ ವಕೀಲ ಮಿತ್ರರೊಬ್ಬರಿಗೆ ಖಾಸಗಿಯಾಗಿ ಬರೆದು ಹುಡುಗನಿಗೆ ಕ್ಷಮಾದಾನ ಕೊಡಿಸಲು ಯತ್ನಿಸಿದರು. ಕ್ಷಮಾದಾನ ಸಿಗಲಿಲ್ಲ. ಮೇ 9ರಂದು ಫ್ರಾನ್ಸಿಸ್‌ನನ್ನು ಮತ್ತೆ ಕುರ್ಚಿಗೆ ಕಟ್ಟಿ ಕೊಂದರು.

ಚಿತ್ರದ ಕಾವಲುಗಾರರ ಕರುಣೆಗಿಂತ ಆ ನ್ಯಾಯಮೂರ್ತಿಯ ಕರುಣೆ ನನ್ನನ್ನು ಹೆಚ್ಚು ಕಾಡುತ್ತದೆ. ಅವರ ಒಂದು ಮತ ಆಚೆಗಿದ್ದರೆ ಹುಡುಗ ಉಳಿಯುತ್ತಿದ್ದನೋ ಏನೋ. ಪವಾಡವಿಲ್ಲದೆಯೇ ಆಗಬಹುದಾಗಿದ್ದ ಕೆಲಸ ಅದು. ಎಷ್ಟು ಸಲ ವಿದ್ಯುತ್ ಹಾಯಿಸಿದರೆ ಅದು ಕ್ರೌರ್ಯವಾಗುತ್ತದೆಂದು ಭಿನ್ನ ತೀರ್ಪಿನಲ್ಲಿ ನೇರವಾಗಿ ಕೇಳಿದವರು ನ್ಯಾಯಮೂರ್ತಿ ಹೆರಾಲ್ಡ್ ಬರ್ಟನ್. ಆ ಭಿನ್ನ ತೀರ್ಪು ದೀರ್ಘವಾದದ್ದಲ್ಲ, ಅಂತರ್ಜಾಲದಲ್ಲಿ ಸಿಗುತ್ತದೆ. ಬಿಡುವಿದ್ದಾಗ ದಯವಿಟ್ಟು ಓದಿ.