ಓದುಗರ ಗ್ಯಾರೇಜ್: ಜಿಟಿ ಕೊಟ್ಟು ಚುರುಕಿನ ಆಲ್ ವೀಲ್ ಡ್ರೈವ್ ತರುವ ಮುನ್ನ

ಪ್ರಶ್ನೆ: ಸರ್, ನನ್ನ ಹತ್ತಿರ 2019ರ ಬಿಎಂಡಬ್ಲ್ಯು 630ಡಿ ಗ್ರ್ಯಾನ್ ಟುರಿಸ್ಮೊ (ಜಿಟಿ) ಇದೆ, 78 ಸಾವಿರ ಕಿ.ಮೀ. ಓಡಿದೆ. ತಿಂಗಳಿಗೆರಡು ಸಲ ಬೆಂಗಳೂರು, ಆಗಾಗ ಗೋವಾ. ದೂರದ ಓಡಾಟಕ್ಕೆ ಸುಖವಾಗಿದೆ, ಆದರೆ ಘಾಟಿಯಲ್ಲಿ ಹಡಗು ತಿರುಗಿಸಿದ ಹಾಗೆ. ಬಿಎಂಡಬ್ಲ್ಯುನದೇ ಆಲ್ ವೀಲ್ ಡ್ರೈವ್ ಸೆಡಾನ್ ಎಂ340ಐ ಎಕ್ಸ್‌ಡ್ರೈವ್‌ಗೆ ಹೋಗಬೇಕೆಂದಿದ್ದೇನೆ. ವ್ಯತ್ಯಾಸ ಎಷ್ಟು ಗೊತ್ತಾಗುತ್ತದೆ? ಕೈಬಿಟ್ಟು ಹೋಗುವುದೇನು?
– ಹುಬ್ಬಳ್ಳಿಯ ಓದುಗರು

ಉತ್ತರ: ನಿಮ್ಮ 3 ಲೀಟರ್ ಡೀಸೆಲ್ 265 ಎಚ್‌ಪಿ, 620 ಎನ್‌ಎಂ ಕೊಡುತ್ತದೆ. ಎಂ340ಐ 374 ಎಚ್‌ಪಿ, 500 ಎನ್‌ಎಂ (2021ರಲ್ಲಿ ಬಂದ ಮೊದಲ ಮಾದರಿ 387 ಎಚ್‌ಪಿ). ಕಾಗದದ ಮೇಲೆ ಟಾರ್ಕ್ (ಎಳೆಯುವ ಬಲ, ಎನ್‌ಎಂ ಲೆಕ್ಕ) ಕಮ್ಮಿ. ಆದರೆ ಡೀಸೆಲ್‌ನ 620 ಎನ್‌ಎಂ 2500 ಆರ್‌ಪಿಎಂ ದಾಟಿದ ಮೇಲೆ ಇಳಿಯುತ್ತಾ ಹೋಗುತ್ತದೆ. ಪೆಟ್ರೋಲ್‌ನ 500 ಎನ್‌ಎಂ 1900ರಿಂದ 5000ದವರೆಗೂ ಹಾಗೇ ನಿಲ್ಲುತ್ತದೆ. ಗಾಡಿಯೂ ಹಗುರ. ಹಾಗಾಗಿ ನೂರು ಕಿ.ಮೀ. ವೇಗಕ್ಕೆ 6.1 ಸೆಕೆಂಡ್ ಇದ್ದದ್ದು 4.4ಕ್ಕೆ ಇಳಿಯುತ್ತದೆ. ನಿಮಗೆ ಹೆಚ್ಚು ಗೊತ್ತಾಗುವುದು ಇದಲ್ಲ, ತಿರುವು. ವ್ಹೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 3070 ಮಿ.ಮೀ. ಇದ್ದದ್ದು 2851 ಆಗುತ್ತದೆ. ಸ್ಟೀರಿಂಗ್ ತಿರುಗಿಸಿದ ಕ್ಷಣವೇ ಮೂತಿ ತಿರುಗುತ್ತದೆ. ತಿರುವಿನ ಕೊನೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ, ರಸ್ತೆ ಒದ್ದೆಯಿದ್ದರೂ ಹಿಂದಿನ ಚಕ್ರ ಜಾರುವ ಮೊದಲೇ ಮುಂದಿನ ಚಕ್ರಗಳು ಎಳೆದುಕೊಳ್ಳುತ್ತವೆ.

ಇಲ್ಲೇ ಒಂದು ಎಚ್ಚರಿಕೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವುದು ಮುನ್ನುಗ್ಗಲಿಕ್ಕೆ ಮಾತ್ರ ನೆರವಾಗುತ್ತದೆ. ಬ್ರೇಕ್ ಹಿಡಿಯುವಾಗ, ತಿರುವಿಗೆ ಇಳಿಯುವಾಗ ಇರುವುದು ಟೈರಿನ ಹಿಡಿತ ಅಷ್ಟೇ. ಆಗುಂಬೆಯ ಇಳಿಜಾರಿನಲ್ಲಿ ಮಳೆ ಬೀಳುತ್ತಿರುವಾಗ ಎಕ್ಸ್‌ಡ್ರೈವ್ ಗಾಡಿ ಬೇರೆ ಗಾಡಿಗಿಂತ ಒಂದಡಿಯೂ ಬೇಗ ನಿಲ್ಲುವುದಿಲ್ಲ. ಇಳಿಯುವಾಗ ಪ್ಯಾಡಲ್‌ನಲ್ಲಿ ಎರಡನೇ ಗೇರ್ ಹಿಡಿದಿಡಿ. ಡೀಸೆಲ್‌ಗಿಂತ ಹೆಚ್ಚಿನ ಆರ್‌ಪಿಎಂ ಕೇಳಿ ಗಾಬರಿಯಾಗಬೇಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಲೇಬೇಕು, ಕಿ.ಮೀ. ಎಷ್ಟೇ ಇರಲಿ.

ಕಳೆದುಕೊಳ್ಳುವುದು ಹಿಂದಿನ ಸೀಟು ಮತ್ತು ಡಿಕ್ಕಿ. ಜಿಟಿಯ ಡಿಕ್ಕಿ 600 ಲೀಟರಿನ ಆಸುಪಾಸು, ಬಾಗಿಲು ಗಾಜಿನ ಸಮೇತ ಮೇಲೇಳುತ್ತದೆ. ಎಂ340ಐ 480 ಲೀಟರಿನ ಸೆಡಾನ್, ದೊಡ್ಡ ಸೂಟ್‌ಕೇಸ್ ಬಾಯಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದನ್ನು ಶೋರೂಂನಲ್ಲಿ ಯಾರೂ ಹೇಳುವುದಿಲ್ಲ: ಜಿಟಿಯ ಹಿಂದಿನ ಏರ್ ಸಸ್ಪೆನ್ಷನ್ ಎಷ್ಟು ಹೇರಿದರೂ ಮಟ್ಟ ಕಾಯ್ದುಕೊಳ್ಳುತ್ತದೆ. ಎಂ340ಐಗೆ ಇರುವುದು ಉಕ್ಕಿನ ಸ್ಪ್ರಿಂಗ್, ತೂಕ ಬಿದ್ದರೆ ಹಿಂಭಾಗ ಕೂರುತ್ತದೆ. ಒಬ್ಬರೇ ಕುಳಿತು ಟೆಸ್ಟ್ ಡ್ರೈವ್ ಮಾಡಿದಾಗ ದಾಟಿದ ಹಂಪ್ ನಾಲ್ಕು ಜನ, ಮೂರು ಬ್ಯಾಗ್ ಇದ್ದಾಗ ತಳಕ್ಕೆ ಉಜ್ಜಬಹುದು. ಹಾಗಾಗಿ ಮನೆಯವರನ್ನೂ ಸಾಮಾನನ್ನೂ ಹತ್ತಿಸಿ, ನಿಮ್ಮದೇ ಗೇಟಿನ ಇಳಿಜಾರು, ನಿಮ್ಮದೇ ಬೀದಿಯ ಹಂಪ್ ಮೇಲೆ ಓಡಿಸಿ ನೋಡಿ. ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ಇಂಧನದ ಲೆಕ್ಕವೂ ಬೇರೆ. ಎಂ340ಐ ಊರೊಳಗೆ ಲೀಟರಿಗೆ 6ರಿಂದ 8 ಕಿ.ಮೀ., ಹೆದ್ದಾರಿಯಲ್ಲಿ 11ರಿಂದ 13 ಎಂದಿಟ್ಟುಕೊಳ್ಳಿ. ಟ್ಯಾಂಕ್ 59 ಲೀಟರ್. 91 ಆಕ್ಟೇನ್‌ನಲ್ಲೂ ಓಡುತ್ತದೆ, ಆದರೆ ಬಿಸಿಲಲ್ಲಿ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಇಗ್ನಿಷನ್ ಹಿಂದೆ ಸರಿಸುತ್ತದೆ, ಶಕ್ತಿ ಇಳಿಯುತ್ತದೆ. 95 ಅಥವಾ ಮೇಲಿನದು ಹಾಕಿ.

ಜಿಟಿ ಮಾರುವ ಮೊದಲು ಒಂದು ಪರೀಕ್ಷೆ. ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿಗೆ ಟೇಪ್ ಹಿಡಿದು ಅಳೆದಿಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮತ್ತೆ ಅಳೆಯಿರಿ. ಒಂದು ಬದಿ ಸೆಂಟಿಮೀಟರಿಗಿಂತ ಹೆಚ್ಚು ಕುಸಿದಿದ್ದರೆ ಏರ್ ಸ್ಪ್ರಿಂಗ್‌ನ ಮಡಿಕೆಯಲ್ಲಿ ಸೋರಿಕೆ ಇರಬಹುದು. ಸೋಪಿನ ನೀರು ಚಿಮುಕಿಸಿದರೆ ಗುಳ್ಳೆ ಏಳುತ್ತದೆ. ಹಾಗೇ ಓಡಿಸಿದರೆ ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಸುಟ್ಟುಹೋಗುತ್ತದೆ, ಖರ್ಚು ದೊಡ್ಡದಾಗುತ್ತದೆ. ಎರಡೂ ಬದಿಯದ್ದನ್ನು ಜೊತೆಗೇ ಬದಲಿಸಿ ಬಿಲ್ ಇಟ್ಟುಕೊಳ್ಳಿ. ಕೊಳ್ಳುವವರು ಮೊದಲು ಚೌಕಾಸಿಗೆ ಇಳಿಯುವುದೇ ಇಲ್ಲಿ.

ಪ್ರಶ್ನೆ: ಎಂ340ಐಯ ಹಿಂದಿನ ಎರಡು ಟೈರ್ ಸವೆದಿವೆ. ಈಗಿರುವುದು ಮುಂದೆ 225/45 ಆರ್18, ಹಿಂದೆ 255/40 ಆರ್18. ಅಂಗಡಿಯವರು ‘ಹಿಂದಕ್ಕೆ 255/45 ಹಾಕಿ, ಗುಂಡಿಗೆ ಮೆತ್ತಗಿರುತ್ತೆ, ರಿಮ್ಮೂ ಬಗ್ಗಲ್ಲ’ ಅನ್ನುತ್ತಾರೆ. ಹಾಕಬಹುದೇ?
– ಮೈಸೂರು

ಉತ್ತರ: ಖಂಡಿತ ಬೇಡ. ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಗಾಡಿಯಾಗಿದ್ದರೆ ಸ್ಪೀಡೊಮೀಟರ್ ತಪ್ಪು ತೋರಿಸುವುದರ ಜೊತೆಗೆ ಒಂದಷ್ಟು ಗೊಣಗಾಟದಲ್ಲಿ ಮುಗಿಯುತ್ತಿತ್ತು. ಇಲ್ಲಿ ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ.

ಲೆಕ್ಕ ಹಾಕೋಣ. 18 ಇಂಚು ಎಂದರೆ 457.2 ಮಿ.ಮೀ. 225ರ ಶೇ 45 ಎಂದರೆ 101.25. ಅದು ಮೇಲೊಂದು ಕೆಳಗೊಂದು ಸೇರಿ ಮುಂದಿನ ಟೈರಿನ ವ್ಯಾಸ 659.7 ಮಿ.ಮೀ. ಹಿಂದಿನ 255/40ರದ್ದು ಹೀಗೇ ಲೆಕ್ಕ ಹಾಕಿದರೆ 661.2. ವ್ಯತ್ಯಾಸ ಒಂದೂವರೆ ಮಿ.ಮೀ., ಅಂದರೆ ಶೇ ಕಾಲು ಭಾಗಕ್ಕಿಂತ ಕಮ್ಮಿ. ಕಂಪನಿ ಈ ಜೋಡಿಯನ್ನು ಆರಿಸಿರುವುದೇ ಅದಕ್ಕೆ. ನಿಮ್ಮ ಅಂಗಡಿಯವರ 255/45ರ ವ್ಯಾಸ 686.7. ಮುಂದಿನದಕ್ಕಿಂತ 27 ಮಿ.ಮೀ. ದೊಡ್ಡದು, ಶೇ 4ರ ಮೇಲೆ. ನೇರ ರಸ್ತೆಯಲ್ಲೂ ಮುಂದಿನ ಚಕ್ರಗಳು ಸದಾ ಹೆಚ್ಚು ಸುತ್ತು ಸುತ್ತುತ್ತವೆ. ಆ ವ್ಯತ್ಯಾಸವನ್ನು ನುಂಗುವುದು ಟ್ರಾನ್ಸ್‌ಫರ್ ಕೇಸಿನೊಳಗಿನ ಕ್ಲಚ್ ಪ್ಲೇಟುಗಳು. ಅವು ಉಜ್ಜಿಕೊಂಡು ಬಿಸಿಯಾಗುತ್ತವೆ, ಆಯಿಲ್ ಹಾಳಾಗುತ್ತದೆ, ಆಮೇಲೆ ಪೂರ್ತಿ ಸ್ಟೀರಿಂಗ್ ತಿರುಗಿಸಿ ನಿಧಾನಕ್ಕೆ ಹೋಗುವಾಗ ಗಾಡಿ ಕಟಕಟ ಎಂದು ತಡೆದ ಹಾಗಾಗುತ್ತದೆ.

ಅಳತೆ ಸರಿಯಿದ್ದೂ ಸವಕಳಿಯಿಂದ ಇದೇ ತೊಂದರೆ ಬರುತ್ತದೆ. ಹೊಸ ಟೈರಿನ ಮೇಲಿನ ಗೀರುಗಳ (ಟ್ರೆಡ್) ಆಳ ಸುಮಾರು 8 ಮಿ.ಮೀ. ಮುಂದಿನವು 3ಕ್ಕೆ ಇಳಿದಿರುವಾಗ ಹಿಂದಕ್ಕೆ ಹೊಸದು ಹಾಕಿದರೆ ವ್ಯಾಸದಲ್ಲಿ 10 ಮಿ.ಮೀ. ವ್ಯತ್ಯಾಸ. ಗೇಜ್ ಹಿಡಿದು ಪ್ರತಿ ಟೈರಿನ ಒಳಅಂಚು, ನಡು, ಹೊರಅಂಚು ಮೂರೂ ಕಡೆ ಅಳೆಯಿರಿ. ಮುಂದಿನದಕ್ಕೂ ಹಿಂದಿನದಕ್ಕೂ 2 ಮಿ.ಮೀ. ಒಳಗಿದ್ದರೆ ಎರಡು ಸಾಕು, ಮೀರಿದರೆ ನಾಲ್ಕೂ ಬದಲಿಸಿ. ದುಬಾರಿಯೇ, ಆದರೆ ಟ್ರಾನ್ಸ್‌ಫರ್ ಕೇಸಿಗಿಂತ ಅಗ್ಗ. ಬ್ರ್ಯಾಂಡ್ ಮಾತ್ರವಲ್ಲ, ಮಾದರಿಯೂ ಒಂದೇ ಇರಲಿ. ಬಿಎಂಡಬ್ಲ್ಯುಗೆಂದೇ ಮಾಡಿದ ಟೈರಿನ ಪಕ್ಕದಲ್ಲಿ ನಕ್ಷತ್ರದ ಗುರುತು ಇರುತ್ತದೆ. ಮುಂದೆ ಹಿಂದೆ ಅಳತೆ ಬೇರೆಯಾದ್ದರಿಂದ ಅದಲುಬದಲು ಮಾಡಿ ಸವಕಳಿ ಸರಿದೂಗಿಸುವ ದಾರಿ ಇಲ್ಲಿಲ್ಲ.

ಮೆತ್ತಗೆ ಬೇಕೇ ಬೇಕೆಂದರೆ ಅದೇ ಅಳತೆಯಲ್ಲಿ ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಗಡುಸು ಟೈರ್) ಅಲ್ಲದ ಟೈರ್ ನಾಲ್ಕೂ ಹಾಕಿ, ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ ಮತ್ತು ಚಿಕ್ಕ ಕಂಪ್ರೆಸರ್ ಇಡಿ. ನಿಮ್ಮ ಗಾಡಿಯಲ್ಲಿ ಸ್ಟೆಪ್ನಿ ಇದೆಯೇ ಎಂದೂ ನೋಡಿಕೊಳ್ಳಿ. ಮೆತ್ತಗಾಗಲೆಂದು ಗಾಳಿ ಮಾತ್ರ ಇಳಿಸಬೇಡಿ. ಇಳಿಸಿದರೆ ಗುಂಡಿಗೆ ಬಿದ್ದಾಗ ರಿಮ್ ಮೊದಲು ಬಗ್ಗುತ್ತದೆ.

ಪ್ರಶ್ನೆ: ಆಕ್ಟೇವಿಯಾ ಆರ್‌ಎಸ್, ಗಾಲ್ಫ್ ಜಿಟಿಐ, ಆಡಿ ಎಸ್5, ಮರ್ಸಿಡಿಸ್ ಸಿ43 – ಇವೆಲ್ಲ ಸ್ಪೋರ್ಟಿ ಆಲ್ ವೀಲ್ ಡ್ರೈವ್ ತಾನೇ?
– ಬೆಂಗಳೂರು

ಉತ್ತರ: ಅಲ್ಲ. ನಮ್ಮಲ್ಲಿ ಮಾರಿದ ಆಕ್ಟೇವಿಯಾ ಆರ್‌ಎಸ್ ಮತ್ತು ಗಾಲ್ಫ್ ಜಿಟಿಐ ಎರಡೂ ಮುಂದಿನ ಚಕ್ರದವು. ಒಳ್ಳೆಯ ಕಾರುಗಳೇ, ಆದರೆ ನೀವು ಹುಡುಕುತ್ತಿರುವುದು ಅದಲ್ಲ. ಉಳಿದೆರಡು ನಾಲ್ಕು ಚಕ್ರದವು. ಆಡಿ ಎಸ್5 ಸ್ಪೋರ್ಟ್‌ಬ್ಯಾಕ್‌ನಲ್ಲಿ ನಡುವೆ ಯಾಂತ್ರಿಕ ಡಿಫರೆನ್ಷಿಯಲ್, ಮಾಮೂಲಿಯಾಗಿ ಶಕ್ತಿ ಮುಂದಕ್ಕೆ 40, ಹಿಂದಕ್ಕೆ 60. ಹೊಸ ಎಎಂಜಿ ಸಿ43ಯಲ್ಲಿ ಮುಂದಕ್ಕೆ 31, ಹಿಂದಕ್ಕೆ 69. ಎಂ340ಐಯಲ್ಲಿ ಹಿಂದಿನ ಚಕ್ರವೇ ಮುಖ್ಯ, ಮುಂದಕ್ಕೆ ಎಷ್ಟು ಬೇಕೋ ಅಷ್ಟನ್ನು ಕ್ಲಚ್ ಕಳಿಸುತ್ತದೆ. ಜಿಟಿ ಓಡಿಸಿ ರೂಢಿಯಾದವರಿಗೆ ಎಸ್5ನ ಸ್ವಭಾವ ಹತ್ತಿರ: ಡಿಕ್ಕಿಯ ಬಾಗಿಲು ಗಾಜಿನ ಸಮೇತ ಏಳುತ್ತದೆ, ನೇರ ಹೆದ್ದಾರಿಯಲ್ಲಿ ನಿಶ್ಚಿಂತೆ. ತಿರುವಿನ ಖುಷಿಗೆ ಎಂ340ಐ. ಸಿ43ಯಲ್ಲಿ ಶಕ್ತಿ ಬೇಕಾದಷ್ಟಿದೆ, ಆದರೆ ಅದು 2 ಲೀಟರಿನ ನಾಲ್ಕು ಸಿಲಿಂಡರ್. ಆರು ಸಿಲಿಂಡರಿನ ನುಣುಪು ಬಯಸುವವರು ಓಡಿಸಿಯೇ ತೀರ್ಮಾನಿಸಲಿ.

ಅಂದಹಾಗೆ, ಬೆಂಗಳೂರು–ಮೈಸೂರು ಹೆದ್ದಾರಿಯ ಮಿತಿ 100 ಕಿ.ಮೀ., ಉದ್ದಕ್ಕೂ ಕ್ಯಾಮೆರಾ. 130 ದಾಟಿದರೆ ಎಫ್‌ಐಆರ್ ಹಾಕುತ್ತೇವೆಂದು ರಾಜ್ಯ ಪೊಲೀಸರು 2024ರಲ್ಲೇ ಹೇಳಿದ್ದಾರೆ.

ಪ್ರಶ್ನೆ: ದೆಹಲಿ ನೋಂದಣಿಯ 2022ರ ಎಂ340ಐ ಇಲ್ಲಿಗಿಂತ ಬಹಳ ಕಮ್ಮಿಗೆ ಸಿಗುತ್ತಿದೆ. ತರಬಹುದೇ? ಏನೇನು ನೋಡಬೇಕು?
– ದಾವಣಗೆರೆ

ಉತ್ತರ: ಬೆಲೆಯ ಅಂತರದ ದೊಡ್ಡ ಪಾಲು ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಮೇಲೆ ಸೆಸ್. ಹಳೆಯ ಗಾಡಿಗೆ ವಯಸ್ಸಿನ ಪ್ರಕಾರ ದರ ಇಳಿಯುತ್ತದೆ, ಆದರೂ ಲಕ್ಷಗಳಲ್ಲೇ ಇರುತ್ತದೆ. ನಿಮ್ಮ ಆರ್‌ಟಿಒದಲ್ಲಿ ಮೂಲ ಇನ್‌ವಾಯ್ಸ್ ತೋರಿಸಿ ಮೊತ್ತ ಕೇಳಿಕೊಂಡು, ಅದನ್ನು ಬೆಲೆಗೆ ಸೇರಿಸಿ ಆಮೇಲೆ ಹೋಲಿಸಿ. ದೆಹಲಿ ಆರ್‌ಟಿಒದ ಎನ್‌ಒಸಿ ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡಬೇಡಿ. ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಜಿಎಸ್‌ಟಿ, ಸೆಸ್ ಬದಲು ಒಟ್ಟಾಗಿ ಶೇ 40 ಆಗಿ ಹೊಸದರ ಬೆಲೆ ಇಳಿದಿದೆ. ಚೌಕಾಸಿ ಇಂದಿನ ಶೋರೂಂ ಬೆಲೆ ಹಿಡಿದು ನಡೆಯಲಿ, ಅವರು ಅಂದು ಕೊಟ್ಟ ಬೆಲೆ ಹಿಡಿದಲ್ಲ.

ಗಾಡಿ ನೋಡುವಾಗ ಎಂಜಿನ್ ತಣ್ಣಗಿರಲಿ; ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಕೂಲೆಂಟ್ ಟ್ಯಾಂಕಿನ ಮಟ್ಟ ಮತ್ತು ಅದರ ಜೋಡಣೆಯ ಅಂಚಿನಲ್ಲಿ ಒಣಗಿದ ಕಲೆ ನೋಡಿ. ಈ ಬಿ58 ಎಂಜಿನ್ ಗಟ್ಟಿ, ಆದರೆ ಪ್ಲಾಸ್ಟಿಕ್ ಟ್ಯಾಂಕಿನಿಂದ ಕೂಲೆಂಟ್ ಜಿನುಗುವುದೂ ಆಯಿಲ್ ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟ್ ಸೋರುವುದೂ ಗೊತ್ತಿರುವ ಸಂಗತಿ. ಟಾರ್ಚ್ ಹಾಕಿದರೆ ಹೌಸಿಂಗ್ ಕೆಳಗೆ ಧೂಳು ಮೆತ್ತಿದ ಎಣ್ಣೆ ಕಾಣುತ್ತದೆ. ಆಮೇಲೆ ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಡಿಗೆಯ ವೇಗದಲ್ಲಿ ಎಡಕ್ಕೂ ಬಲಕ್ಕೂ ಎರಡೆರಡು ಸುತ್ತು. ತಡವರಿಸಬಾರದು. 40–60ರ ವೇಗದಲ್ಲಿ ಆಕ್ಸಿಲರೇಟರ್ ತುಸುವೇ ಒತ್ತಿ ಹಿಡಿಯಿರಿ. ಆಗ ಸಣ್ಣ ಜರ್ಕ್ ಬಂದರೆ ಟ್ರಾನ್ಸ್‌ಫರ್ ಕೇಸಿನ ಮೇಲೆ ಅನುಮಾನ. ಟೈರಿನ ಪಕ್ಕದ ನಾಲ್ಕಂಕಿ ತಯಾರಿಯ ವಾರ ಮತ್ತು ವರ್ಷ: 3522 ಎಂದರೆ 2022ರ 35ನೇ ವಾರ. ನಾಲ್ಕು ಟೈರ್ ನಾಲ್ಕು ಮಾದರಿಯವಾಗಿದ್ದರೆ ಆ ಗಾಡಿಯನ್ನು ಅಲ್ಲೇ ಬಿಡಿ. ಕೊನೆಗೆ ಸ್ಕ್ಯಾನರ್ ಹಾಕಿಸಿ. ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಿಸಿ (ರೀಮ್ಯಾಪ್) ಮಾರುವ ಮುನ್ನ ಹಳೆಯದಕ್ಕೆ ಮರಳಿಸುವವರಿದ್ದಾರೆ, ವಾರಂಟಿ ಇನ್ನೂ ಊರ್ಜಿತವೇ ಎಂದು ಚಾಸಿಸ್ ನಂಬರ್ ಕೊಟ್ಟು ಸರ್ವಿಸ್ ಸೆಂಟರ್‌ನಲ್ಲೇ ಕೇಳಿ.

ಪ್ರಶ್ನೆ: 2016ರ ಆಡಿ ಟಿಟಿ ಕ್ವಾಟ್ರೊ (ಆಡಿಯ ಆಲ್ ವೀಲ್ ಡ್ರೈವ್) ಸೆಕೆಂಡ್ ಹ್ಯಾಂಡ್ ನೋಡಿದ್ದೇನೆ. ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?
– ಮಂಗಳೂರು

ಉತ್ತರ: ಒಳ್ಳೆಯ ಪ್ರಶ್ನೆ. ಕೆಟ್ಟಿದ್ದರೂ ಡ್ಯಾಶ್‌ಬೋರ್ಡಿನಲ್ಲಿ ಎಷ್ಟೋ ಸಲ ದೀಪವೇ ಹತ್ತುವುದಿಲ್ಲ. ಜಲ್ಲಿ ಇರುವ ಸಣ್ಣ ಏರಿನಲ್ಲಿ ನಿಲ್ಲಿಸಿ ಸ್ವಲ್ಪ ಬಿರುಸಾಗಿ ಹೊರಡಿ, ಇನ್ನೊಬ್ಬರು ಪಕ್ಕದಲ್ಲಿ ದೂರ ನಿಂತು ನೋಡಲಿ. ಮುಂದಿನ ಚಕ್ರ ಸುಮ್ಮನೆ ಜಲ್ಲಿ ಎರಚುತ್ತಿದ್ದು ಹಿಂದಿನದು ತಳ್ಳದಿದ್ದರೆ ಹಾಲ್ಡೆಕ್ಸ್ (ಹಿಂದಿನ ಚಕ್ರಗಳಿಗೆ ಶಕ್ತಿ ದಾಟಿಸುವ ಕ್ಲಚ್) ಪಂಪ್ ಸತ್ತಿದೆ. ಕಾರಣ ಸಾಮಾನ್ಯವಾಗಿ ಒಂದೇ. ಕ್ಲಚ್ ಸವೆದ ಪುಡಿ ಕೆಸರಾಗಿ ಪಂಪಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ, ಆಯಿಲ್ ಎಳೆಯಲಾರದೆ ಮೋಟಾರ್ ಸುಡುತ್ತದೆ. ಎಷ್ಟೋ ಗ್ಯಾರೇಜುಗಳಲ್ಲಿ ಆಯಿಲ್ ಬದಲಿಸುತ್ತಾರೆ, ಜಾಲರಿ ಮುಟ್ಟುವುದಿಲ್ಲ. ಮೂರು ವರ್ಷಕ್ಕೊಮ್ಮೆ ಆಯಿಲ್ ಇಳಿಸಿ, ಪಂಪ್ ಬಿಚ್ಚಿ, ಜಾಲರಿಯನ್ನು ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು, ಓ-ರಿಂಗ್ ಹೊಸದು ಹಾಕಿ, 850 ಮಿ.ಲೀ. ಬಾಟಲಿಯ ಹಾಲ್ಡೆಕ್ಸ್ ಆಯಿಲ್ ತುಂಬಿ, ಸ್ಕ್ಯಾನರ್‌ನಿಂದ ಪಂಪ್ ಓಡಿಸಿ ನೋಡಬೇಕು. ಗೇರ್‌ಬಾಕ್ಸ್ ಆಯಿಲ್ ಬೇರೆ, ಅದು 60 ಸಾವಿರ ಕಿ.ಮೀ.ಗೊಮ್ಮೆ. ಎರಡಕ್ಕೂ ಬಿಲ್ ಕೇಳಿ.

ಪ್ರಶ್ನೆ: ಮ್ಯೂನಿಕ್‌ನಲ್ಲಿದ್ದೇವೆ. ಮರ್ಸಿಡಿಸ್ ಇ-ಕ್ಲಾಸ್ ಕೂಪೆ ಕೊಟ್ಟು ಆಡಿ ಆರ್‌ಎಸ್3 ತೆಗೆದುಕೊಳ್ಳುತ್ತಿದ್ದೇವೆ. ಕ್ವಾಟ್ರೊ ಇರುವುದರಿಂದ ಚಳಿಗಾಲದ ಟೈರ್ ಉಳಿಸಬಹುದೇ?

ಉತ್ತರ: ಆಗದು. 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಗಡುಸಾಗುತ್ತದೆ. ನಾಲ್ಕೂ ಚಕ್ರ ಎಳೆದರೂ ನಿಲ್ಲುವಾಗ ಜಾರುವುದು ಜಾರುತ್ತದೆ. ಕ್ವಾಟ್ರೊ ಹಿಮದಲ್ಲಿ ಸಲೀಸಾಗಿ ಹೊರಡುವುದರಿಂದಲೇ ರಸ್ತೆ ಎಷ್ಟು ಜಾರುತ್ತಿದೆ ಎಂಬುದು ಚಾಲಕನಿಗೆ ತಡವಾಗಿ ತಿಳಿಯುತ್ತದೆ. ಜರ್ಮನಿಯ ಕಾನೂನಿನಲ್ಲಿ ಇಂಥ ತಿಂಗಳೆಂದಿಲ್ಲ, ಹಿಮ, ಮಂಜುಗಡ್ಡೆ, ಕೆಸರುಹಿಮ ಇದ್ದರೆ ಸರಿಯಾದ ಟೈರ್ ಇರಬೇಕು. 2024ರ ಅಕ್ಟೋಬರ್‌ನಿಂದ ಬೆಟ್ಟದೊಳಗೆ ಹಿಮದ ಹರಳಿನ ಚಿಹ್ನೆ ಇರುವವು ಮಾತ್ರ ಲೆಕ್ಕಕ್ಕೆ. ಬರೀ ಎಂ+ಎಸ್ (ಕೆಸರು, ಹಿಮ) ಗುರುತು ಸಾಲದು. ಸಿಕ್ಕಿಬಿದ್ದರೆ ದಂಡ 60 ಯೂರೋದಿಂದ ಶುರು, ಜೊತೆಗೆ ಚಾಲಕನ ದಾಖಲೆಯಲ್ಲಿ ಒಂದು ಪಾಯಿಂಟ್. ಆರ್‌ಎಸ್3ಗೆ ಮುಂದಿನ ಟೈರ್ 265, ಹಿಂದಿನದು 245 – ಮುಂದಿನದೇ ಅಗಲ. ಚಳಿಗಾಲದ ಸೆಟ್ ಕೊಳ್ಳುವಾಗ ಗಾಡಿಯ ದಾಖಲೆಯಲ್ಲಿ ಒಪ್ಪಿಗೆಯಿರುವ ಅಳತೆ ನೋಡಿಯೇ ಕೊಳ್ಳಿ, ರಿಮ್ ಸಮೇತ ಎರಡು ಸೆಟ್ ಇಟ್ಟರೆ ಬದಲಿಸುವ ಕೂಲಿ ಉಳಿಯುತ್ತದೆ.

ಪ್ರಶ್ನೆ: ಆಲ್ ವೀಲ್ ಡ್ರೈವ್ ಕಾರು ದಾರಿಯಲ್ಲಿ ಕೆಟ್ಟರೆ ಟೋಯಿಂಗ್ ಹೇಗೆ?
– ಶಿರಸಿ

ಉತ್ತರ: ಫ್ಲ್ಯಾಟ್‌ಬೆಡ್ ಮೇಲೆ ಮಾತ್ರ, ನಾಲ್ಕೂ ಚಕ್ರ ನೆಲ ಬಿಟ್ಟು. ಮುಂಭಾಗ ಎತ್ತಿ ಹಿಂದಿನ ಚಕ್ರ ಉರುಳಿಸಿಕೊಂಡು ಎಳೆದರೆ ಟ್ರಾನ್ಸ್‌ಫರ್ ಕೇಸ್ ಹತ್ತಾರು ಕಿ.ಮೀ.ಯೊಳಗೆ ಕೈಕೊಡಬಹುದು. ಫೋನಿನಲ್ಲೇ ‘ಫ್ಲ್ಯಾಟ್‌ಬೆಡ್ ಬೇಕು’ ಎಂದು ಹೇಳಿ, ಹುಕ್ ಹಾಕುವ ಗಾಡಿ ಬಂದರೆ ವಾಪಸ್ ಕಳಿಸಿ. ಎಳೆಯುವ ಕೊಕ್ಕೆ ಡಿಕ್ಕಿಯ ತಳದ ಟೂಲ್ ಕಿಟ್‌ನಲ್ಲಿರುತ್ತದೆ. ಬಂಪರಿನ ಚಿಕ್ಕ ಮುಚ್ಚಳ ತೆಗೆದು ಕೊನೆಯವರೆಗೂ ತಿರುಪಿದ ಮೇಲೆಯೇ ವಿಂಚ್ ಸಿಕ್ಕಿಸಲು ಬಿಡಿ.