‘ಹೇಳಬೇಕಿತ್ತು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು?

‘ನಿನ್ನೆಯೇ ನಿಮಗೆ ಹೇಳಬೇಕಿತ್ತು’ ಎಂದು ಮೇಲಧಿಕಾರಿಗೆ ಹೇಳಲು ಹೋಗಿ ‘ಐ ಮಸ್ಟ್ ಟೆಲ್ ಯೂ ಯೆಸ್ಟರ್‌ಡೇ’ ಎಂದಿರಿ, ಸುತ್ತ ಕುಳಿತವರು ನಕ್ಕರು, ಸರಿಯಾದದ್ದು ಏನು ಎಂದು ಕೇಳಿದ್ದೀರಿ. ಸರಿಯಾದದ್ದು ‘ಐ ಶುಡ್ ಹ್ಯಾವ್ ಟೋಲ್ಡ್ ಯೂ ಯೆಸ್ಟರ್‌ಡೇ’. ಆದರೆ ಇದೊಂದನ್ನೇ ಬಾಯಿಪಾಠ ಮಾಡಿಕೊಂಡರೆ ಮುಂದಿನ ವಾರ ಇನ್ನೊಂದು ಕಡೆ ಎಡವುತ್ತೀರಿ. ನಾನು ಎಡವಿದ್ದೇನೆ, ಅದೂ ನಗುವಿನಲ್ಲಿ ಮುಗಿಯದ ಜಾಗದಲ್ಲಿ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ವಿದೇಶದ ಗ್ರಾಹಕರೊಬ್ಬರಿಗೆ ಹೋಗಬೇಕಿದ್ದ ಸರಕು ತಡವಾಯಿತು. ತಡವಾಗುವ ವಿಷಯವನ್ನು ನಾವು ಮೊದಲೇ ತಿಳಿಸಿರಲಿಲ್ಲ. ಕ್ಷಮೆ ಕೇಳುವ ಇಮೇಲ್ ನನ್ನ ಪಾಲಿಗೆ ಬಂತು. ‘ಮೊದಲೇ ತಿಳಿಸಬೇಕಿತ್ತು’ ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ‘ವೀ ಹ್ಯಾಡ್ ಟು ಇನ್‌ಫಾರ್ಮ್ ಯೂ ಅರ್ಲಿಯರ್’ ಎಂದು ಬರೆದೆ. ಅವರು ಓದಿಕೊಂಡದ್ದು ‘ಮೊದಲೇ ತಿಳಿಸಬೇಕಾಯಿತು, ತಿಳಿಸಿದೆವು’ ಎಂದು. ಒಂದೇ ಸಾಲಿನ ಉತ್ತರ ಬಂತು: ಯಾವಾಗ ತಿಳಿಸಿದಿರಿ? ತಪ್ಪು ಒಪ್ಪಿಕೊಳ್ಳಲು ಹೋದವನು ಸುಳ್ಳುಗಾರನಾಗಿ ನಿಂತಿದ್ದೆ.

ಆ ದಿನ ನನಗೆ ಹೊಳೆದದ್ದೇ ನಿಮಗೂ ಬೇಕಾದದ್ದು. ‘ತಿಳಿಸಬೇಕಾಯಿತು’ ಮತ್ತು ‘ತಿಳಿಸಬೇಕಿತ್ತು’ ಒಂದೇ ಅಲ್ಲ ಎಂದು ಕನ್ನಡದ ಮಗುವಿಗೂ ಗೊತ್ತು. ‘ಆಯಿತು’ ಬಂದರೆ ಕೆಲಸ ನಡೆದಿದೆ, ಮನಸ್ಸಿಲ್ಲದಿದ್ದರೂ ನಡೆದಿದೆ: ಇಂಗ್ಲಿಷಿನಲ್ಲಿ ಹ್ಯಾಡ್ ಟು. ‘ಇತ್ತು’ ಬಂದರೆ ಸಾಮಾನ್ಯವಾಗಿ ಕೆಲಸ ಆಗಲಿಲ್ಲ, ಹಳಹಳಿಕೆ ಉಳಿದಿದೆ: ಶುಡ್ ಹ್ಯಾವ್. ‘ಸಾಮಾನ್ಯವಾಗಿ’ ಎಂದೆ, ಏಕೆಂದರೆ ‘ಚಿಕ್ಕಂದಿನಲ್ಲಿ ನಾವು ಬಾವಿಯಿಂದ ನೀರು ಸೇದಬೇಕಿತ್ತು’ ಎನ್ನುವಾಗ ಪಶ್ಚಾತ್ತಾಪವೇನೂ ಇಲ್ಲ, ದಿನಾ ಸೇದುತ್ತಿದ್ದೆವು. ಅಲ್ಲಿ ಹ್ಯಾಡ್ ಟು ಸರಿ. ಅನುಮಾನ ಬಂದಾಗ ವಾಕ್ಯದ ಬಾಲಕ್ಕೆ ‘ಆದರೆ ಮಾಡಲಿಲ್ಲ’ ಎಂದು ಅಂಟಿಸಿ ನೋಡಿ. ಅಂಟಿದರೆ ಶುಡ್ ಹ್ಯಾವ್. ನಾನು ಈಗಲೂ ಬರೆಯುವ ಮುನ್ನ ಹೀಗೆಯೇ ನೋಡಿಕೊಳ್ಳುತ್ತೇನೆ.

ನಿಮ್ಮ ‘ಮಸ್ಟ್’ ಎಲ್ಲಿಂದ ಬಂತು ಎಂಬುದೂ ಸ್ಪಷ್ಟ. ಶಾಲೆಯಲ್ಲಿ ‘ಬೇಕು’ ಅಂದರೆ ಮಸ್ಟ್ ಎಂದು ಕಲಿಸಿರುತ್ತಾರೆ. ಆದರೆ ಮಸ್ಟ್‌ಗೆ ಬೇರೆ ಭೂತಕಾಲದ ರೂಪವೇ ಇಲ್ಲ. ‘ಮಸ್ಟ್ ಹ್ಯಾವ್ ಟೋಲ್ಡ್’ ಎಂದು ತಿದ್ದಿಕೊಳ್ಳೋಣ ಎಂದರೆ ಅದು ಊಹೆಯಾಗಿಬಿಡುತ್ತದೆ: ‘ಹೇಳಿರಬೇಕು’. ‘ನಾನು ನಿಮಗೆ ನಿನ್ನೆ ಹೇಳಿರಬೇಕು’ ಎಂದರೆ ಮರೆವಿನ ಮನುಷ್ಯನ ಮಾತು, ತಪ್ಪೊಪ್ಪಿಗೆಯಲ್ಲ.

ಇನ್ನು ಆ ‘ಹ್ಯಾವ್’ ಏಕೆ? ಹುಟ್ಟಿನಲ್ಲಿ ಶುಡ್ ಎಂಬುದು ಶಲ್‌ನ ಭೂತಕಾಲ, ಕುಡ್ ಕ್ಯಾನ್‌ನದು, ವುಡ್ ವಿಲ್‌ನದು. ಕಾಲಕ್ರಮದಲ್ಲಿ ಶುಡ್ ಹಿಂದಿನದನ್ನು ಹೇಳುವ ಶಕ್ತಿ ಕಳೆದುಕೊಂಡು ಇಂದಿನ ಬುದ್ಧಿವಾದಕ್ಕೆ ಮೀಸಲಾಯಿತು. ‘ಯೂ ಶುಡ್ ಗೋ’ ಎಂದರೆ ಈಗ ಹೋಗುವುದು ಒಳ್ಳೆಯದು ಎಂದಷ್ಟೇ. ಹಾಗಾಗಿ ನಿನ್ನೆಯ ಭಾರ ಹೊರಲು ಪಕ್ಕದಲ್ಲಿ ಹ್ಯಾವ್ ಮತ್ತು ಕ್ರಿಯಾಪದದ ಮೂರನೆಯ ರೂಪ ಬಂದು ನಿಲ್ಲುತ್ತವೆ. ನಮ್ಮ ‘ಇತ್ತು’ ಮಾಡುವ ಕೆಲಸವನ್ನು ಅಲ್ಲಿ ಇಬ್ಬರು ಮಾಡುತ್ತಾರೆ. ಈ ಹ್ಯಾವ್ ಯಾರಿಗೂ ಬಗ್ಗುವುದಿಲ್ಲ: ‘ಶೀ ಶುಡ್ ಹ್ಯಾಸ್’ ಇಲ್ಲ, ‘ಶುಡ್ ಹ್ಯಾಡ್’ ಇಲ್ಲ. ವೇಗವಾಗಿ ಆಡುವಾಗ ಅದು ‘ಶುಡವ್’ ಎಂದು ಸವೆದುಹೋಗುತ್ತದೆ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಕಲಿತವರಲ್ಲಿ ಎಷ್ಟೋ ಮಂದಿ ಅದನ್ನು ‘ಶುಡ್ ಆಫ್’ ಎಂದು ತಪ್ಪಾಗಿ ಬರೆಯುವುದು ಇದೇ ಕಾರಣಕ್ಕೆ. ನಿಮ್ಮನ್ನು ನೋಡಿ ನಕ್ಕವರಲ್ಲೂ ಅಂಥವರು ಇರಬಹುದು.

‘ಮಾಡಬಹುದಿತ್ತು’ ಎಂಬುದು ಕುಡ್ ಹ್ಯಾವ್. ಇಲ್ಲಿ ಇಂಗ್ಲಿಷ್ ನಮಗಿಂತ ಬಡವೆಂದು ನನ್ನ ಅಭಿಪ್ರಾಯ. ‘ಅವನು ಬರಬಹುದಿತ್ತು’ (ಬರಲಿಲ್ಲ) ಮತ್ತು ‘ಅವನು ಬಂದಿರಬಹುದು’ (ಗೊತ್ತಿಲ್ಲ) ಎರಡಕ್ಕೂ ಅವರು ‘ಹೀ ಕುಡ್ ಹ್ಯಾವ್ ಕಮ್’ ಎಂದೇ ಹೇಳಬಲ್ಲರು. ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ಚುಚ್ಚುವ ಗುಣ ಮಾತ್ರ ಎರಡೂ ಭಾಷೆಗಳಲ್ಲಿ ಒಂದೇ. ‘ಒಂದು ಮಾತು ಹೇಳಬಹುದಿತ್ತಲ್ಲ’ ಎಂದು ಅತ್ತಿಗೆ ಅಂದರೆ ಎದೆಗೆ ನಾಟುವುದು ಹೇಗೋ, ‘ಯೂ ಕುಡ್ ಹ್ಯಾವ್ ಟೋಲ್ಡ್ ಮೀ’ ಕೂಡ ಹಾಗೆಯೇ. ಎಚ್ಚರ ಬೇಕಾದದ್ದು ಇಲ್ಲವೆನ್ನುವಾಗ. ‘ಹಾಗೆ ಮಾಡಬಾರದಿತ್ತು’ ಎನ್ನಲು ‘ಕುಡಂಟ್ ಹ್ಯಾವ್’ ಹಾಕಬೇಡಿ. ‘ಹೀ ಕುಡಂಟ್ ಹ್ಯಾವ್ ಡನ್ ಇಟ್’ ಎಂದರೆ ಅವನು ಅದನ್ನು ಮಾಡಿರಲು ಸಾಧ್ಯವೇ ಇಲ್ಲ, ನಿರಪರಾಧಿ ಎಂದಾಗುತ್ತದೆ.

ವುಡ್ ಹ್ಯಾವ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಗೊತ್ತಿದ್ದರೆ ಬರುತ್ತಿದ್ದೆ’: ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್’. ‘ಇದ್ದರೆ’ ಇರುವ ಕಡೆ ಹ್ಯಾಡ್, ‘ಬರುತ್ತಿದ್ದೆ’ ಇರುವ ಕಡೆ ವುಡ್ ಹ್ಯಾವ್. ಎರಡೂ ಕಡೆ ವುಡ್ ಹ್ಯಾವ್ ತುಂಬುವುದು ಅಮೆರಿಕದಲ್ಲಿ ಆಡುಮಾತಿನಲ್ಲಿ ಕೇಳುತ್ತದೆ, ಬರವಣಿಗೆಯಲ್ಲಿ ಬೇಡ.

ನಿಮ್ಮ ಸಂದರ್ಭಕ್ಕೆ ಇನ್ನೊಂದು ಮಾತು. ಕನ್ನಡದಲ್ಲಿ ‘ಹೇಳಬೇಕಿತ್ತು’ ಎಂದಷ್ಟೇ ಗೊಣಗಿ, ಯಾರು ಹೇಳಬೇಕಿತ್ತು ಎಂಬುದನ್ನು ಗಾಳಿಗೆ ಬಿಡಬಹುದು. ಇಂಗ್ಲಿಷ್ ಕರ್ತೃವನ್ನು ಕೇಳುತ್ತದೆ. ಕಚೇರಿಯ ಜಾಣರು ‘ಇಟ್ ಶುಡ್ ಹ್ಯಾವ್ ಬೀನ್ ಡನ್’ ಎಂದು ಕರ್ಮಣಿ ಪ್ರಯೋಗದ ಹಿಂದೆ ಅವಿತುಕೊಳ್ಳುತ್ತಾರೆ. ಓದುವವರಿಗೆ ಅದು ಕಾಣುತ್ತದೆ. ‘ಐ’ ಎಂದೇ ಶುರುಮಾಡಿ.

ಕೊನೆಯದಾಗಿ, ‘ಬಾರದಿತ್ತು’ ಮತ್ತು ‘ಬೇಕಿರಲಿಲ್ಲ’. ಮೊದಲನೆಯದು ಶುಡಂಟ್ ಹ್ಯಾವ್, ಮಾಡಿದ್ದೇ ತಪ್ಪು. ಎರಡನೆಯದು ನೀಡಂಟ್ ಹ್ಯಾವ್, ಮಾಡಿದ್ದು ತಪ್ಪಲ್ಲ, ಅಗತ್ಯವಿರಲಿಲ್ಲ ಅಷ್ಟೇ. ಇದನ್ನೆಲ್ಲ ಕರತಲಾಮಲಕ ಮಾಡಿಕೊಂಡ ಹೆಮ್ಮೆಯಲ್ಲಿ ನಾನಿದ್ದಾಗ ಲಂಡನ್ನಿನಿಂದ ಸಹೋದ್ಯೋಗಿಯೊಬ್ಬರು ಬಂದರು. ಒಂದು ಡಬ್ಬಿ ಮೈಸೂರು ಪಾಕ್ ಕೊಟ್ಟೆ. ಅವರು ಕಣ್ಣರಳಿಸಿ ‘ಓ, ಯೂ ಶುಡಂಟ್ ಹ್ಯಾವ್’ ಎಂದರು. ಕೊಡಬಾರದಿತ್ತೇ? ನನಗೆ ಗಾಬರಿ. ಸಕ್ಕರೆ ಕಾಯಿಲೆ ಇರಬೇಕು ಎಂದು ಊಹಿಸಿ, ಕ್ಷಮೆ ಕೇಳಿ ಡಬ್ಬಿ ವಾಪಸು ತೆಗೆದುಕೊಳ್ಳಲು ಕೈ ಚಾಚಿದೆ. ಅವರು ಡಬ್ಬಿಯನ್ನು ಬಿಡಲಿಲ್ಲ. ಆಮೇಲೆ ತಿಳಿಯಿತು, ಅದು ನಮ್ಮ ‘ಇದೆಲ್ಲ ಏಕೆ ತರಲು ಹೋದಿರಿ’ ಎಂಬ ಮಾತು, ಚೀಲಕ್ಕೆ ಕೈ ಹಾಕುತ್ತಲೇ ಆಡುವಂಥದ್ದು.